ಟಿಟ್ಟಿಭದ ಧೈರ್ಯ ನೋಡಿ ಹುಟ್ಟಿದ ಪ್ರಶ್ನೆ: ಅಂಜುವವರು ಹಕ್ಕಿಗಳಿಂದ ಏನು ಕಲಿಯಬಹುದು?

ಮೆಲುದನಿ · ಭಾನುವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಟಿಟ್ಟಿಭ ಮೊಟ್ಟೆ ಇಟ್ಟಿದೆ. ಗೂಡು ಅಂತ ಏನೂ ಇಲ್ಲ. ಜಲ್ಲಿಯ ಮಧ್ಯೆ ಅಂಗೈಯಷ್ಟು ತಗ್ಗು, ಸುತ್ತ ಒಂದಷ್ಟು ಸಣ್ಣ ಕಲ್ಲು, ಒಳಗೆ ನಾಲ್ಕು ಮೊಟ್ಟೆ. ನಾಲ್ಕರ ಚೂಪು ತುದಿಯೂ ಒಳಮುಖ. ಮಣ್ಣಿನ ಬಣ್ಣ, ಮೇಲೆ ಕಪ್ಪು ಮಚ್ಚೆ. ಒಂದು ಸಲ ಕಣ್ಣು ಬೇರೆ ಕಡೆ ಹೊರಳಿದರೆ ಮತ್ತೆ ಹುಡುಕಬೇಕು. ನಾನು ನೋಡುವುದು ಮಹಡಿ ಕಿಟಕಿಯಿಂದ, ದುರ್ಬೀನು ಹಿಡಿದು.

ನಿನ್ನೆ ಸಂಜೆ ಒಂದು ನಾಯಿ ಅತ್ತ ಬಂತು. ಹಕ್ಕಿ ಸದ್ದಿಲ್ಲದೆ ಎದ್ದು, ತಲೆ ತಗ್ಗಿಸಿ ಇಪ್ಪತ್ತು ಹೆಜ್ಜೆ ಓಡಿ, ಅಲ್ಲಿಂದ ಮೇಲೆದ್ದು ಕಿರುಚಲು ಶುರು ಮಾಡಿತು. ಜೋಡಿ ಹಕ್ಕಿಯೂ ಸೇರಿಕೊಂಡಿತು. ಎರಡೂ ನಾಯಿಯ ಕಿವಿಗೆ ರೆಕ್ಕೆ ತಗಲುವಷ್ಟು ಹತ್ತಿರ ಎರಗಿದವು. ನಾಯಿ ಬಾಲ ಮುದುರಿ ಓಡಿತು. ಆಮೇಲೆ ನೋಡಿದ್ದು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಹಕ್ಕಿ ತಕ್ಷಣ ಮೊಟ್ಟೆಯ ಹತ್ತಿರ ಬರಲಿಲ್ಲ. ದೂರದ ಮಣ್ಣುಗುಡ್ಡೆ ಮೇಲೆ ನಿಂತು ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಎದೆಯ ಕಪ್ಪು ಗರಿ ಏರಿಳಿಯುವುದು ಇಲ್ಲಿಂದಲೇ ಕಾಣುತ್ತಿತ್ತು. ಅದಕ್ಕೆ ಭಯ ಆಗಿತ್ತು ಅಂತಲೇ ನನಗೆ ಅನಿಸಿತು.

ಈಗ ನನ್ನ ವಿಷಯ. ನನ್ನ ದನಿ ಸಣ್ಣದು. ಆಫೀಸ್ ಮೀಟಿಂಗಿನಲ್ಲಿ ನಾನು ಮಾತು ಶುರು ಮಾಡಿದರೆ ಮಧ್ಯದಲ್ಲೇ ಬೇರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. "ಗಟ್ಟಿಯಾಗಿ ಮಾತಾಡು, ಸ್ವಲ್ಪ ಧೈರ್ಯ ತಗೋ" ಅಂತ ಚಿಕ್ಕವಳಿದ್ದಾಗಿನಿಂದ ಕೇಳುತ್ತಾ ಬಂದಿದ್ದೇನೆ. ಎರಡು ವರ್ಷ ಬೇರೆಯವರ ಥರ ಜೋರಾಗಿ ಮಾತಾಡಿ ನೋಡಿದೆ. ಮನೆಗೆ ಬಂದಾಗ ಯಾರದ್ದೋ ಬಟ್ಟೆ ಹಾಕಿಕೊಂಡು ದಿನವಿಡೀ ಓಡಾಡಿದ ಹಾಗೆ ಸುಸ್ತಾಗಿರುತ್ತಿತ್ತು. ಆ ಹಕ್ಕಿಗೆ ಇರುವುದು ಧೈರ್ಯವೋ, ಸುಮ್ನೆ ಹುಟ್ಟುಗುಣವೋ? ನಮ್ಮಂಥವರು ಅದರಿಂದ ಕಲಿಯುವುದು ಏನಾದರೂ ಇದೆಯಾ?

ನೇರಮಾತು · ಭಾನುವಾರ, ರಾತ್ರಿ 9:41

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ಹಕ್ಕಿಗೆ ಧೈರ್ಯ ಅಂತ ಒಂದು ಇಲ್ಲ. ಅದು ಹಾರ್ಮೋನು. ಮೊಟ್ಟೆ ಇದ್ದಾಗ ಎರಗುತ್ತದೆ, ಇಲ್ಲದಾಗ ಹಾರಿಹೋಗುತ್ತದೆ. ಧೈರ್ಯ ಅಂದರೆ ಬೇರೆ ದಾರಿ ಇದ್ದೂ ಕಷ್ಟದ ದಾರಿ ಹಿಡಿಯುವುದು. ಹಕ್ಕಿಗೆ ಆ ಆಯ್ಕೆ ಇದೆಯಾ? ನಮ್ಮ ಭಾವನೆಯನ್ನು ಅದರ ತಲೆಗೆ ಕಟ್ಟುವುದು ಬೇಡ.

ಬೇಲಿಹೂ · ಭಾನುವಾರ, ರಾತ್ರಿ 9:44

ಆಯ್ಕೆ ಇಲ್ಲದಿದ್ದರೆ ಇಪ್ಪತ್ತು ಹೆಜ್ಜೆ ಸದ್ದಿಲ್ಲದೆ ಓಡಿದ್ದು ಯಾಕೆ?

ಕೆರೆಏರಿ · ಭಾನುವಾರ, ರಾತ್ರಿ 10:15

ಬೇಲಿಹೂ ಹಿಡಿದಿರುವುದು ಸರಿಯಾದ ಎಳೆ. ಮೊಟ್ಟೆ ಇರುವ ಜಾಗದಿಂದಲೇ ಹಾರಿದರೆ ಜಾಗ ಗೊತ್ತಾಗುತ್ತದೆ. ಅದಕ್ಕೇ ದೂರ ಓಡಿ ಅಲ್ಲಿಂದ ಎದ್ದು ಗಲಾಟೆ ಮಾಡುತ್ತದೆ. ನಾನು ಹಕ್ಕಿ ನೋಡಲು ಶುರು ಮಾಡಿ ಇಪ್ಪತ್ತಾರು ವರ್ಷ ಆಯ್ತು. ಟಿಟ್ಟಿಭ ಎಲ್ಲರ ಮೇಲೂ ಒಂದೇ ಥರ ಎರಗುವುದನ್ನು ನಾನು ನೋಡಿಲ್ಲ. ನಾಯಿಗೆ ಒಂದು ಥರ, ಮನುಷ್ಯರಿಗೆ ಇನ್ನೊಂದು. ಮೇಯುವ ದನ ಬಂದರೆ ಹಾರುವುದೇ ಇಲ್ಲ, ದನಕ್ಕೆ ಮೊಟ್ಟೆ ತಿನ್ನುವ ಉದ್ದೇಶ ಇಲ್ಲ, ತುಳಿಯುವುದೊಂದೇ ಭಯ. ಹಾಗಾಗಿ ಎದುರಿಗೆ ನಿಂತು ರೆಕ್ಕೆ ಬಿಚ್ಚಿ ದಾರಿ ತಪ್ಪಿಸುತ್ತದೆ. ಉತ್ತರ ಅಮೆರಿಕದ ಕಿಲ್‌ಡೀರ್ ಅನ್ನುವ, ಟಿಟ್ಟಿಭದ ನೆಂಟ ಹಕ್ಕಿ ಕೂಡ ಹೀಗೇ. ನರಿಯಂಥದ್ದು ಬಂದರೆ ರೆಕ್ಕೆ ಮುರಿದವರ ಹಾಗೆ ನೆಲದ ಮೇಲೆ ಎಳೆದಾಡಿಕೊಂಡು ದೂರ ಕರೆದೊಯ್ಯುತ್ತದೆ. ದನ, ಕುದುರೆ ಬಂದರೆ ಆ ನಾಟಕ ಆಡುವುದಿಲ್ಲ, ಮೈ ಉಬ್ಬಿಸಿ ನೇರ ಅದರ ಮುಖದ ಕಡೆಗೇ ಓಡುತ್ತದೆ. ಎದುರಿಗೆ ಯಾರಿದ್ದಾರೆ ಅಂತ ನೋಡಿಕೊಂಡು ನಡೆಯುವ ಪ್ರಾಣಿಯನ್ನು ಬರೀ ಹಾರ್ಮೋನು ಅಂತ ಹೇಳಿ ಮುಗಿಸಿಬಿಡುವುದು ನನಗೆ ಒಪ್ಪಿಗೆ ಇಲ್ಲ.

ನೇರಮಾತು · ಭಾನುವಾರ, ರಾತ್ರಿ 10:22

ಬುದ್ಧಿ ಅಂತ ಒಪ್ಪುತ್ತೇನೆ ಕೆರೆಏರಿ ಸರ್. ಧೈರ್ಯ ಅಂತ ಇನ್ನೂ ಒಪ್ಪಿಲ್ಲ.

ಎಲೆಮರೆ · ಸೋಮವಾರ, ಬೆಳಗ್ಗೆ 6:50

ಇಬ್ಬರ ಮಾತಿನ ಮಧ್ಯೆ ಒಂದು ವಿಷಯ ಸೇರಿಸುತ್ತೇನೆ. ಮೊಟ್ಟೆ ಒಡೆಯುವ ದಿನ ಹತ್ತಿರ ಬಂದಷ್ಟೂ ತಾಯಿತಂದೆಯ ಕಾವಲು ಜೋರಾಗುವುದು ಎಷ್ಟೋ ಜಾತಿಯ ಹಕ್ಕಿಗಳಲ್ಲಿ ದಾಖಲಾಗಿದೆ. ಅಲ್ಲಿಯವರೆಗೆ ಹಾಕಿದ ಶ್ರಮ ಜಾಸ್ತಿ, ಮತ್ತೆ ಮೊದಲಿನಿಂದ ಶುರು ಮಾಡಲು ಉಳಿದ ಕಾಲ ಕಡಿಮೆ. ಮೆಲುದನಿ ಅವರೇ, ಮೊದಲ ವಾರದಲ್ಲೂ ಅದು ಹೀಗೇ ಎರಗುತ್ತಿತ್ತಾ?

ಮೆಲುದನಿ · ಸೋಮವಾರ, ಬೆಳಗ್ಗೆ 7:35

ಇಲ್ಲ! ನೀವು ಕೇಳಿದ ಮೇಲೆ ನೆನಪಾಯ್ತು. ಮೊದಮೊದಲು ಯಾರಾದರೂ ಬಂದರೆ ದೂರ ಹೋಗಿ ಕೂಗುತ್ತಿತ್ತು ಅಷ್ಟೆ. ನಾಲ್ಕನೇ ಮೊಟ್ಟೆ ಕಂಡ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ನಿನ್ನೆಗೆ 22 ದಿನ.

ಕೆರೆಏರಿ · ಸೋಮವಾರ, ಬೆಳಗ್ಗೆ 7:50

ಹಾಗಾದರೆ ಇನ್ನೊಂದು ವಾರ. 28ರಿಂದ 30 ದಿನ ಕಾವು ಬೇಕು. ಬಿಸಿಲು ಜೋರಾಗಿದ್ದರೆ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ, ತಂಪಾಗಲಿ ಅಂತ. ಮಧ್ಯಾಹ್ನ ಗಮನಿಸಿ ನೋಡಿ.

ಮಾಸ್ತರು · ಸೋಮವಾರ, ಬೆಳಗ್ಗೆ 9:05

ಮೊಟ್ಟೆ ಕೊಂಡೊಯ್ದ ಕಡಲನ್ನೇ ಬತ್ತಿಸುತ್ತೇನೆ ಅಂತ ಹೊರಟ ಟಿಟ್ಟಿಭದ ಕಥೆಯನ್ನು ನಾವೆಲ್ಲ ಸಣ್ಣವರಿದ್ದಾಗ ಕೇಳಿದ್ದೇವೆ. ಆ ಕಥೆ ಕಟ್ಟಿದವರು ಈ ಹಕ್ಕಿಯನ್ನು ಹತ್ತಿರದಿಂದ ನೋಡಿಯೇ ಕಟ್ಟಿರಬೇಕು.

ನನಗೆ ಇವತ್ತು ಹೇಳಬೇಕಾದದ್ದು ಇನ್ನೊಂದು ಹಕ್ಕಿಯ ವಿಷಯ. "ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ" ಅಂತ ಗಾದೆ ಇದೆಯಲ್ಲ. ಮೂವತ್ತು ವರ್ಷ ಮಕ್ಕಳಿಗೆ ಆ ಗಾದೆ ಬಿಡಿಸಿ ಹೇಳಿದ್ದೇನೆ. ನಿವೃತ್ತಿ ಆದ ಮೇಲೆ ಹಿತ್ತಲಲ್ಲಿ ಕೆಂಬೂತವನ್ನೇ ದಿನಾ ನೋಡುತ್ತಾ ಕೂತಾಗ ಅದಕ್ಕೆ ಅನ್ಯಾಯ ಮಾಡಿದೆ ಅನಿಸಿತು. ಕೆಂಬೂತ ಯಾರನ್ನೂ ನೋಡಿ ಏನೂ ಮಾಡುವುದಿಲ್ಲ. ತಾಮ್ರದ ಬಣ್ಣದ ರೆಕ್ಕೆ, ಕೆಂಡದಂಥ ಕಣ್ಣು. ಪೊದೆಯೊಳಗೆ ನಿಧಾನಕ್ಕೆ ಹೆಜ್ಜೆ ಹಾಕುತ್ತದೆ. ಗುಂ ಗುಂ ಅಂತ ಕೊಡದೊಳಗಿಂದ ಬಂದ ಹಾಗೆ ಕೂಗುತ್ತದೆ. ಇನ್ನೊಂದು ಮುಖ್ಯ ಸಂಗತಿ. ಅದು ಕೋಗಿಲೆಯ ಕುಟುಂಬದ ಹಕ್ಕಿ. ನೆಂಟರು ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುತ್ತಾರೆ. ಇದು ತನ್ನ ಗೂಡು ತಾನೇ ಕಟ್ಟಿ, ತನ್ನ ಮರಿ ತಾನೇ ಸಾಕುತ್ತದೆ. ಗಾದೆ ಹೇಳುವುದಕ್ಕೆ ಪೂರಾ ತದ್ವಿರುದ್ಧ ಅಲ್ವಾ?

ಬೇಲಿಹೂ · ಸೋಮವಾರ, ಬೆಳಗ್ಗೆ 9:12

ಮಾಸ್ತರೇ, ಇದು ಗೊತ್ತೇ ಇರಲಿಲ್ಲ. ಇನ್ನು ಮೇಲೆ ಆ ಗಾದೆ ಬಳಸುವಾಗ ಕೈ ತಡೆಯುತ್ತದೆ.

ಸಂಜೆಮಳೆ · ಸೋಮವಾರ, ಮಧ್ಯಾಹ್ನ 1:30

ನನ್ನ ಮಗನಿಗೆ ಒಂಬತ್ತು ವರ್ಷ. ಹೊಸ ಜಾಗಕ್ಕೆ ಹೋದರೆ ಅರ್ಧ ಗಂಟೆ ನನ್ನ ಕೈ ಬಿಡುವುದಿಲ್ಲ. ಎಲ್ಲವನ್ನೂ ನೋಡಿಕೊಂಡ ಮೇಲೆ ನಿಧಾನಕ್ಕೆ ಹೋಗುತ್ತಾನೆ. ಶಾಲೆಯಲ್ಲಿ "ಇವನನ್ನು ಸ್ವಲ್ಪ ಗಟ್ಟಿ ಮಾಡಿ" ಅಂದರು. ಅವತ್ತು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಕಾಜಾಣವನ್ನು ತೋರಿಸಿ "ನೋಡು, ಎಷ್ಟು ಚಿಕ್ಕದು, ಹದ್ದನ್ನೇ ಅಟ್ಟಿಸಿಕೊಂಡು ಹೋಗುತ್ತೆ" ಅಂತ ಹೇಳುತ್ತಿರುತ್ತೇನೆ. ಅವನು ಒಂದು ದಿನ "ಹಾಗಾದ್ರೆ ಪಾರಿವಾಳ ಕೆಟ್ಟದ್ದಾ ಅಮ್ಮಾ?" ಅಂತ ಕೇಳಿದ. ಏನು ಹೇಳಬೇಕು ಗೊತ್ತಾಗಲಿಲ್ಲ.

ಅಲೆಮಾರಿ · ಸೋಮವಾರ, ಮಧ್ಯಾಹ್ನ 2:10

ಕಾಜಾಣದ ವಿಷಯ ಬಂದಿತಲ್ಲ, ನಿಮ್ಮ ಮಗನಿಗೆ ಇದನ್ನು ಹೇಳಿ ಅಕ್ಕ. ಕಾಜಾಣ ಗೂಡು ಕಟ್ಟಿದ ಮರದಲ್ಲೇ ಪಾರಿವಾಳದ ಜಾತಿಯ ಬೆಳವ, ಹೊನ್ನಕ್ಕಿ, ಪಿಕಳಾರ ಎಲ್ಲ ಬಂದು ಗೂಡು ಕಟ್ಟುತ್ತವೆ. ಕಾಗೆ, ಹದ್ದು ಬಂದರೆ ಕಾಜಾಣ ನೋಡಿಕೊಳ್ಳುತ್ತದೆ ಅಂತ ಅವಕ್ಕೆ ಗೊತ್ತು. ಮೆತ್ತಗಿನ ಹಕ್ಕಿ ಜೋರಿನ ಹಕ್ಕಿ ಆಗಬೇಕಿಲ್ಲ. ಯಾರ ಪಕ್ಕ ಮನೆ ಮಾಡಬೇಕು ಅಂತ ತಿಳಿದಿದ್ದರೆ ಸಾಕು. ಅದೂ ಒಂದು ಜಾಣತನ.

ನೇರಮಾತು · ಸೋಮವಾರ, ಮಧ್ಯಾಹ್ನ 2:25

ಕಾಜಾಣವನ್ನು ದೇವರು ಮಾಡುವ ಮೊದಲು ಇದನ್ನೂ ಕೇಳಿ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಇರುವ ಕಾಜಾಣ, ಮುಂಗುಸಿ ಜಾತಿಯ ಸಣ್ಣ ಪ್ರಾಣಿಗಳಾದ ಮೀರ್‌ಕ್ಯಾಟ್‌ಗಳ ಹತ್ತಿರ ಕೂತು ಕಾವಲು ಕಾಯುತ್ತದೆ. ಹದ್ದು ಬಂದರೆ ನಿಜವಾಗಿ ಎಚ್ಚರಿಸುತ್ತದೆ. ನಂಬಿಕೆ ಬಂದ ಮೇಲೆ, ಮೀರ್‌ಕ್ಯಾಟ್ ಒಂದು ದಪ್ಪ ಹುಳ ಹಿಡಿದ ಕ್ಷಣ ಸುಳ್ಳು ಕೂಗು ಹಾಕುತ್ತದೆ. ಅದು ಹುಳ ಬಿಟ್ಟು ಓಡುತ್ತದೆ, ಇದು ಎತ್ತಿಕೊಂಡು ಹೋಗುತ್ತದೆ. ಒಂದೇ ಕೂಗಿಗೆ ಮೋಸ ಹೋಗದಿದ್ದರೆ ಬೇರೆ ಪ್ರಾಣಿಯ ಕೂಗನ್ನು ಅಣಕಿಸುತ್ತದೆ. ಹಕ್ಕಿಗಳಿಂದ ಪಾಠ ಕಲಿಯುತ್ತೀವಿ ಅಂದರೆ ಇದನ್ನೂ ಕಲಿಯಬೇಕಾಗುತ್ತದೆ. ನಮಗೆ ಇಷ್ಟವಾದದ್ದನ್ನು ಮಾತ್ರ ಆರಿಸಿಕೊಳ್ಳುವುದು ಸರಿಯಲ್ಲ.

ಎಲೆಮರೆ · ಸೋಮವಾರ, ರಾತ್ರಿ 8:40

ನೇರಮಾತು ಹೇಳಿದ್ದು ನಿಜ, ಆ ಸಂಶೋಧನೆ ಚೆನ್ನಾಗಿ ನಡೆದಿದೆ. ಆದರೆ ಸಂಜೆಮಳೆ ಅವರ ಪ್ರಶ್ನೆಗೆ ಇನ್ನೂ ಒಳ್ಳೆಯ ಉತ್ತರ ಇದೆ, ದಯವಿಟ್ಟು ಪೂರ್ತಿ ಓದಿ.

ಯೂರೋಪಿನಲ್ಲಿ ಗ್ರೇಟ್ ಟಿಟ್ ಅಂತ ಒಂದು ಪುಟ್ಟ ಹಕ್ಕಿ. ನೆದರ್ಲೆಂಡ್ಸ್‌ನಲ್ಲಿ ಕಾಡಿನಿಂದ ಹಿಡಿದು ತಂದ ಹಕ್ಕಿಯನ್ನು ಐದು ಕೃತಕ ಮರಗಳಿರುವ ಕೋಣೆಗೆ ಬಿಟ್ಟು ನೋಡುತ್ತಾರೆ, ಆಮೇಲೆ ಅದೇ ಜಾಗಕ್ಕೆ ವಾಪಸು ಬಿಡುತ್ತಾರೆ. ಕೆಲವು ಹಕ್ಕಿ ಎರಡು ನಿಮಿಷದಲ್ಲಿ ಎಲ್ಲ ಮರಕ್ಕೂ ಹಾರಿಬಿಡುತ್ತವೆ. ಕೆಲವು ಒಂದೇ ಕೊಂಬೆ ಮೇಲೆ ಕೂತು ಸುತ್ತ ನೋಡುತ್ತವೆ, ಸಂಜೆಮಳೆ ಅವರ ಮಗನ ಹಾಗೇ. ಈ ಗುಣ ಒಂದು ಮಟ್ಟಿಗೆ ತಾಯಿತಂದೆಯಿಂದ ಬರುತ್ತದೆ, ದೊಡ್ಡದಾದ ಮೇಲೂ ಉಳಿಯುತ್ತದೆ. ವರ್ಷಗಟ್ಟಲೆ ಲೆಕ್ಕ ಇಟ್ಟಾಗ ಗೊತ್ತಾಗಿದ್ದು ಇಷ್ಟು: ಒಂದು ವರ್ಷ ಮುನ್ನುಗ್ಗುವವು ಜಾಸ್ತಿ ಬದುಕಿದರೆ, ಇನ್ನೊಂದು ವರ್ಷ ನಿಧಾನದವು. ಚಳಿಗಾಲದಲ್ಲಿ ಕಾಡಿನ ಬೀಜ ಎಷ್ಟು ಸಿಕ್ಕಿತು, ಪೈಪೋಟಿ ಎಷ್ಟಿತ್ತು ಅನ್ನುವುದರ ಮೇಲೆ ಅದು ಬದಲಾಗುತ್ತಿತ್ತು. ಅದಕ್ಕೇ ಎರಡು ಗುಣವೂ ಅಳಿಯದೆ ಉಳಿದಿವೆ. ನಿಮ್ಮ ಮಗನನ್ನು ಗಟ್ಟಿ ಮಾಡಬೇಕಾದ ಅಗತ್ಯ ಇಲ್ಲ ಅಕ್ಕ. ಅರ್ಧ ಗಂಟೆ ಕೊಡಿ.

ಸಂಜೆಮಳೆ · ಸೋಮವಾರ, ರಾತ್ರಿ 9:02

ಕಣ್ಣು ತುಂಬಿ ಬಂತು. ಇದನ್ನು ಅವನಿಗೆ ಓದಿ ಹೇಳುತ್ತೇನೆ.

ಅಲೆಮಾರಿ · ಸೋಮವಾರ, ರಾತ್ರಿ 9:20

ರಫ್ ಅನ್ನುವ ನೀರಹಕ್ಕಿಯನ್ನೂ ಸೇರಿಸಿಕೊಳ್ಳಿ. ಅದರ ಗಂಡುಗಳಲ್ಲೇ ಮೂರು ಬಗೆ. ಕತ್ತಿನ ಸುತ್ತ ಕಪ್ಪು ಅಥವಾ ಕಂದು ಗರಿ ಉಬ್ಬಿಸಿ ಜಾಗಕ್ಕಾಗಿ ಕಾದಾಡುವ ಗಂಡು. ಬಿಳಿ ಗರಿಯ, ಕಾದಾಡದೆ ಪಕ್ಕದಲ್ಲೇ ಇರುವ ಗಂಡು. ಮೂರನೆಯದು ನೋಡಲು ಥೇಟ್ ಹೆಣ್ಣಿನ ಹಾಗೇ ಇರುವ ಗಂಡು, ತುಂಬಾ ಅಪರೂಪ, ಅದು ಗಂಡು ಅಂತ 2006ರಲ್ಲಷ್ಟೇ ಬರೆದು ತಿಳಿಸಿದರು. ಮೂರೂ ಹುಟ್ಟಿನಿಂದಲೇ ಹಾಗೆ. ತುಂಬಾ ಹಿಂದೆ ವರ್ಣತಂತುವಿನ ಒಂದು ತುಂಡು ತಿರುವುಮುರುವಾಗಿ ಕೂತದ್ದರಿಂದ ಈ ಬಗೆಗಳು ಹುಟ್ಟಿದವು. ಬಹಳ ಕಾಲದಿಂದ ಮೂರೂ ಒಟ್ಟಿಗೆ ಬದುಕಿವೆ. "ಗಂಡು ಅಂದರೆ ಹೀಗೇ ಇರಬೇಕು" ಅನ್ನುವವರಿಗೆ ಇದನ್ನು ತೋರಿಸಬೇಕು.

ನೇರಮಾತು · ಸೋಮವಾರ, ರಾತ್ರಿ 9:31

ಪ್ರಕೃತಿಯಲ್ಲಿ ಇದೆ ಅಂದ ಮಾತ್ರಕ್ಕೆ ನಮಗೆ ಸರಿ ಅಂತ ಆಗುವುದಿಲ್ಲ. ಮನುಷ್ಯರು ತಮ್ಮ ಹಾಗೆ ತಾವು ಇರಲು ಹಕ್ಕಿಯ ಸಾಕ್ಷಿ ಯಾಕೆ ಬೇಕು? ಅದಿಲ್ಲದಿದ್ದರೂ ಆ ಹಕ್ಕು ಅವರಿಗೆ ಇದೆ.

ಅಲೆಮಾರಿ · ಸೋಮವಾರ, ರಾತ್ರಿ 9:36

ಈ ಮಾತಿಗೆ ನನ್ನ ಹತ್ತಿರ ವಾದ ಇಲ್ಲ. ಚೆನ್ನಾಗಿ ಹೇಳಿದಿರಿ.

ಗರಿಗೆದರು · ಮಂಗಳವಾರ, ಬೆಳಗ್ಗೆ 8:15

ಮೆಲುದನಿ ಅವರೇ, ನಿಮ್ಮ ದನಿಯ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಬರುತ್ತೇನೆ. ಗದ್ದಲದ ಊರುಗಳಲ್ಲಿ ಹಕ್ಕಿಗಳು ವಾಹನದ ಸದ್ದಿನ ಮೇಲೆ ಕೇಳಿಸಲಿ ಅಂತ ಜೋರಾಗಿ, ಎತ್ತರದ ದನಿಯಲ್ಲಿ ಹಾಡುತ್ತವೆ. 2020ರಲ್ಲಿ ಲಾಕ್‌ಡೌನ್ ಆದಾಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬಿಳಿ ನೆತ್ತಿಯ ಗುಬ್ಬಿಗಳ ಹಾಡನ್ನು ರೆಕಾರ್ಡ್ ಮಾಡಿ ಹಳೆಯ ರೆಕಾರ್ಡಿಂಗ್ ಜೊತೆ ಹೋಲಿಸಿದರು. ಸದ್ದು ಇಳಿದ ಕೂಡಲೇ ಅವು ಮೆಲ್ಲಗೆ ಹಾಡಲು ಶುರು ಮಾಡಿದ್ದವು. ಕೆಳದನಿಯೂ ಹಾಡಿಗೆ ವಾಪಸು ಬಂದಿತ್ತು. ಹಾಡು ಮೊದಲಿಗಿಂತ ಮೆಲ್ಲಗಿದ್ದರೂ ದೂರದವರೆಗೆ ಕೇಳುತ್ತಿತ್ತು, ಯಾಕೆಂದರೆ ಸುತ್ತ ಗದ್ದಲ ಇರಲಿಲ್ಲ. ನಿಮ್ಮ ದನಿ ಸಣ್ಣದು ಅಂತ ನಿಮಗೆ ಹೇಳಿದವರು, ಮೀಟಿಂಗಿನ ಗದ್ದಲ ಜಾಸ್ತಿ ಅಂತ ಯಾವತ್ತಾದರೂ ಹೇಳಿದ್ದಾರಾ?

ಮೆಲುದನಿ · ಮಂಗಳವಾರ, ಸಂಜೆ 6:40

ಗರಿಗೆದರು ಅವರೇ, ನಿಮ್ಮ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಆದರೆ ಈಗ ಬೇರೆ ತುರ್ತು. ಗುರುವಾರ ಸೈಟ್ ಮಟ್ಟ ಮಾಡಲು ಜೆಸಿಬಿ ಬರುತ್ತದಂತೆ. ಇನ್ನೂ 26 ದಿನ ಕೂಡ ತುಂಬಿರುವುದಿಲ್ಲ. ಸೈಟಿನವರು ಜೋರಿನ ಮನುಷ್ಯ, ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳುತ್ತದೆ. ಮೊಟ್ಟೆಗಳನ್ನು ನಾನೇ ಎತ್ತಿ ನಮ್ಮ ಕಾಂಪೌಂಡಿನಲ್ಲಿ ಇಟ್ಟರೆ ಆಗುತ್ತದಾ?

ಕೆರೆಏರಿ · ಮಂಗಳವಾರ, ಸಂಜೆ 6:44

ಬೇಡ ಬೇಡ. ಮುಟ್ಟಲೇಬೇಡಿ. ಜಾಗ ಬದಲಾದರೆ ಹಕ್ಕಿ ಮೊಟ್ಟೆ ಬಿಟ್ಟುಬಿಡಬಹುದು. ಮಾತಾಡುವುದೊಂದೇ ದಾರಿ. "ಕೆಲಸ ನಿಲ್ಲಿಸಿ" ಅನ್ನಬೇಡಿ. "ಒಂದು ವಾರ ಆ ಮೂಲೆ ಬಿಡಿ" ಅಂತ ಕೇಳಿ. ಗಡುವು ಇರುವ ಬೇಡಿಕೆಗೆ ಜನ ಬೇಗ ಒಪ್ಪುತ್ತಾರೆ. ಇನ್ನೊಂದು, ಗುರುತಿನ ಕೋಲು ನೆಡುವುದಾದರೆ ಮೊಟ್ಟೆಯಿಂದ ಸಾಕಷ್ಟು ದೂರ ನೆಡಿ. ಕಾಗೆ ಎಲ್ಲವನ್ನೂ ನೋಡುತ್ತಿರುತ್ತದೆ.

ನೇರಮಾತು · ಮಂಗಳವಾರ, ಸಂಜೆ 6:58

ನಿಮಗೆ ಕಷ್ಟವಾದರೆ ಒಂದು ಚೀಟಿ ಬರೆದು ಕೊಡಿ. ಎಷ್ಟು ದಿನ, ಎಷ್ಟು ಜಾಗ, ಯಾವ ಮೂಲೆ. ನಿಮ್ಮ ಬರಹ ಸ್ಪಷ್ಟ ಇದೆ, ಮೊದಲ ಪೋಸ್ಟ್ ಓದಿದಾಗಲೇ ಅಂದುಕೊಂಡೆ.

ಎಲೆಮರೆ · ಮಂಗಳವಾರ, ರಾತ್ರಿ 10:05

ಬಾರ್-ಟೇಲ್ಡ್ ಗಾಡ್ವಿಟ್ ಅನ್ನುವ ವಲಸೆ ಹಕ್ಕಿಯ ವಿಷಯ ಹೇಳಿ ಮಲಗುತ್ತೇನೆ. 2022ರಲ್ಲಿ ಐದು ತಿಂಗಳ ಮರಿಯೊಂದು ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಎಲ್ಲೂ ಇಳಿಯದೆ 11 ದಿನ ಹಾರಿತು. 13,560 ಕಿಲೋಮೀಟರ್. ಆ ದಾರಿಯಲ್ಲಿ ಅದು ಹಿಂದೆ ಯಾವತ್ತೂ ಹೋಗಿರಲಿಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ. ಹೊರಡುವ ಮೊದಲು ಏನಾಗುತ್ತದೆ ಅನ್ನುವುದು ನನಗೆ ಅದಕ್ಕಿಂತ ದೊಡ್ಡದು. ಈ ಹಕ್ಕಿಗಳು ವಾರಗಟ್ಟಲೆ ತಿಂದು ಕೊಬ್ಬು ತುಂಬಿಕೊಳ್ಳುತ್ತವೆ. ಆಮೇಲೆ ದಾರಿಯಲ್ಲಿ ಬೇಕಾಗದ ಹೊಟ್ಟೆ, ಕರುಳು ಕುಗ್ಗುತ್ತವೆ, ಭಾರ ಇಳಿಯಲಿ ಅಂತ. ಒಳ್ಳೆಯ ಗಾಳಿ ಬರುವವರೆಗೆ ಕಾಯುತ್ತವೆ. ಮೆಲುದನಿ ಅವರೇ, ನಾಳೆ ಏನು ಹೇಳಬೇಕೋ ಅಷ್ಟನ್ನು ಮಾತ್ರ ತೆಗೆದುಕೊಂಡು ಹೋಗಿ. ಅವರು ಬಿಡುವಾಗಿರುವ ಹೊತ್ತು ನೋಡಿಕೊಂಡು ಹೋಗಿ.

ಮೆಲುದನಿ · ಬುಧವಾರ, ರಾತ್ರಿ 8:30

ಹೋಗಿದ್ದೆ.

ಬೆಳಗ್ಗೆ ಮೂರು ಸಲ ಗೇಟಿನವರೆಗೆ ಹೋಗಿ ವಾಪಸು ಬಂದೆ. ಅಂಗೈ ಬೆವರುತ್ತಿತ್ತು, ನೇರಮಾತು ಅವರು ಹೇಳಿದ ಚೀಟಿ ಒದ್ದೆಯಾಗಿ ಇಂಕ್ ಹರಡಿಹೋಯ್ತು. ಸಂಜೆ ಅವರು ಒಬ್ಬರೇ ಬೈಕ್ ಹತ್ತಿರ ನಿಂತಿದ್ದರು. ಜೋರಾಗಿ ಮಾತಾಡುವ ಪ್ರಯತ್ನವನ್ನೇ ಮಾಡಲಿಲ್ಲ. "ಸರ್, ಎರಡು ನಿಮಿಷ ಬನ್ನಿ, ಒಂದು ತೋರಿಸಬೇಕು" ಅಂದೆ, ನನ್ನ ಮಾಮೂಲಿ ದನಿಯಲ್ಲೇ. ಕೇಳಿಸದೆ ಅವರೇ ಹತ್ತಿರ ಬಂದು ಬಗ್ಗಿದರು. ದೂರದಿಂದಲೇ ಹಕ್ಕಿ ತೋರಿಸಿದೆ. ಅದು ಎದ್ದು ಓಡಿತು, ಮೊಟ್ಟೆ ಕಂಡವು. ಅವರು ಏನೋ ಹೇಳಲು ಬಾಯಿ ತೆರೆದವರು ತಾವಾಗೇ ದನಿ ಇಳಿಸಿ "ಇಲ್ಲೇ ಇದ್ವಾ ಇವು? ನಾನು ದಿನಾ ಓಡಾಡ್ತೀನಲ್ಲಮ್ಮ" ಅಂದರು. ಪಿಸುಮಾತಿನಲ್ಲಿ!

ಮುಂದಿನ ಬುಧವಾರದವರೆಗೆ ಆ ಮೂಲೆ ಬಿಡುತ್ತಾರೆ. ಆಚೆ ಅರ್ಧ ಮಾತ್ರ ಕೆಲಸ. ಡ್ರೈವರಿಗೆ ಗೊತ್ತಾಗಲಿ ಅಂತ ತಾವೇ ದೂರದಲ್ಲಿ ಇಟ್ಟಿಗೆ ಸಾಲು ಇಡಿಸಿದರು. ಮನೆಗೆ ಬಂದ ಮೇಲೂ ಹತ್ತು ನಿಮಿಷ ನನ್ನ ಕಾಲು ನಡುಗುತ್ತಿತ್ತು. ಮಣ್ಣುಗುಡ್ಡೆ ಮೇಲೆ ನಿಂತ ಆ ಹಕ್ಕಿ ನೆನಪಾಯ್ತು.

ಬೇಲಿಹೂ · ಬುಧವಾರ, ರಾತ್ರಿ 8:33

ಓದಿ ಎದ್ದು ನಿಂತೆ. ನಿಜವಾಗಿ.

ನೇರಮಾತು · ಬುಧವಾರ, ರಾತ್ರಿ 8:50

ಮೊದಲ ದಿನ ನಾನು ಹೇಳಿದ್ದೆ, ಆಯ್ಕೆ ಇದ್ದೂ ಕಷ್ಟದ ದಾರಿ ಹಿಡಿದರೆ ಅದು ಧೈರ್ಯ ಅಂತ. ನೀವು ಮಾಡಿದ್ದು ಅದೇ. ಹಕ್ಕಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಬದಲಾಗಿಲ್ಲ. ಆದರೆ ಇವತ್ತು ಮಧ್ಯಾಹ್ನ ಆಫೀಸಿನ ಹಿಂದೆ ಎರಡು ಕಾಜಾಣ ಒಂದು ಹದ್ದನ್ನು ಓಡಿಸುವುದನ್ನು ಪೂರ್ತಿ ನಿಂತು ನೋಡಿದೆ. ಹದ್ದಿನ ಬೆನ್ನಿನ ಗರಿಯನ್ನೇ ಒಂದು ಕಿತ್ತಿತು.

ಕೆರೆಏರಿ · ಗುರುವಾರ, ಬೆಳಗ್ಗೆ 6:30

ಒಳ್ಳೆಯ ಕೆಲಸ ಮಾಡಿದಿರಿ ಮಗಳೇ. ಒಂದು ಎಚ್ಚರಿಕೆ. ಸುದ್ದಿ ಹರಡಿ ಫೋಟೋ ತೆಗೆಯುವವರು ಬಂದರೆ ಹತ್ತಿರ ಬಿಡಬೇಡಿ. ಹಕ್ಕಿ ಪದೇ ಪದೇ ಏಳಬೇಕಾದರೆ ಮೊಟ್ಟೆ ಬಿಸಿಲಿಗೆ ಬೆಂದುಹೋಗುತ್ತವೆ.

ಮೆಲುದನಿ · ಸೋಮವಾರ, ಬೆಳಗ್ಗೆ 10:10

30ನೇ ದಿನ. ಮೂರು ಮರಿ ಹೊರಗಿವೆ! ಹತ್ತಿಯ ಉಂಡೆಗೆ ಕಡ್ಡಿಯಂಥ ಕಾಲು ಸಿಕ್ಕಿಸಿದ ಹಾಗಿವೆ. ಆಗಲೇ ನಡೆಯುತ್ತಿವೆ. ಕಾಗೆ ಮೇಲೆ ಹೋದಾಗ ತಾಯಿ ಒಂದು ಸಲ ಕೂಗಿತು ಅಷ್ಟೆ, ಮೂರೂ ಇದ್ದಲ್ಲೇ ನೆಲಕ್ಕೆ ಅಂಟಿಕೊಂಡವು. ದುರ್ಬೀನಿನಲ್ಲೂ ಕಾಣಲಿಲ್ಲ. ನಾಲ್ಕನೇ ಮೊಟ್ಟೆ ಇನ್ನೂ ಹಾಗೇ ಇದೆ.

ಸಂಜೆಮಳೆ · ಸೋಮವಾರ, ಬೆಳಗ್ಗೆ 10:25

ಮಗ ಕೇಳುತ್ತಿದ್ದಾನೆ, ನಾಲ್ಕನೆಯದು ನಿಧಾನದ ಮರಿಯಾ ಅಂತ.

ಕೆರೆಏರಿ · ಸೋಮವಾರ, ಬೆಳಗ್ಗೆ 10:40

ಇರಬಹುದು ಪುಟ್ಟಾ. ಸಂಜೆವರೆಗೆ ಕಾಯೋಣ.

ಮೆಲುದನಿ · ಮಂಗಳವಾರ, ರಾತ್ರಿ 11:15

ಬೆಳಗ್ಗೆ ನೋಡಿದಾಗ ತಗ್ಗಿನಲ್ಲಿ ಏನೂ ಇರಲಿಲ್ಲ. ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ, ದೊಡ್ಡವೂ ಇಲ್ಲ. ಇಡೀ ದಿನ ಹುಡುಕಿದೆ. ಸೈಟಿನವರೂ ಎರಡು ಸಲ ಬಂದು ಕೇಳಿದರು. ಈಗ, ಹತ್ತು ನಿಮಿಷದ ಹಿಂದೆ, ರಸ್ತೆಯಾಚೆಯ ಹೊಲದ ಕಡೆಯಿಂದ ಅದೇ ಕೂಗು ಕೇಳಿತು. ಎರಡು ಹಕ್ಕಿಯದ್ದೂ.

ನೇರಮಾತು · ಮಂಗಳವಾರ, ರಾತ್ರಿ 11:18

ನಾಳೆ ಬೆಳಗ್ಗೆ ಎಷ್ಟು ಮರಿ ಇವೆ ಅಂತ ಎಣಿಸಿ ಹೇಳಿ. ದೂರದಿಂದಲೇ.